ತಾಯಿಯ ಬರೆ

ಡಾ. ಇಂಚರಾ ಹೊದಿಕೆಯನ್ನು ಮೈತುಂಬ ಹೊದ್ದು ಗುಂಡಿ ಒತ್ತಿದಳು. ಬೂದು ಬಟ್ಟೆಯ ಮೇಲೆ ಕಪ್ಪು ಪಟ್ಟೆಗಳು ಒಂದೊಂದಾಗಿ ಮೂಡಿದವು. ಗೋಡೆಗಂಟಿ ನಡುಗುತ್ತಿದ್ದ ಜೀಬ್ರಾ ಮರಿ ಕಿವಿ ನಿಮಿರಿಸಿತು. ತಡವರಿಸುತ್ತ ಬಂದು ಹೊದಿಕೆಯೊಳಗಿನ ಬಾಟಲಿಗೆ ಬಾಯಿ ಹಾಕಿತು. ತಾಯಿ ಸತ್ತ ಮೇಲೆ ಅದು ಕುಡಿದ ಮೊದಲ ಹಾಲು ಅದು.

"ಹುಲೀನ ನೋಡಿ ನರಿ ಬರೆ ಹಾಕ್ಕಂಡಂಗಾತು ನೋಡಕ್ಕ," ಎಂದು ತಿಪ್ಪೇಶ ನಕ್ಕ. ಅವನು ಇಂಚರಾಳ ಶಿಷ್ಯ. ಅವಳೇ ತಿದ್ದಿ ಬೆಳೆಸಿದವನು.

"ನಗೋದು ಆಮೇಲೆ. ಮೊದಲು ತಾಯಿ ದನಿ ಹಾಕೋ."

ಒಂದು ಜೀಬ್ರಾದ ಪಟ್ಟೆ ಇನ್ನೊಂದಕ್ಕಿರುವುದಿಲ್ಲ, ನಮ್ಮ ಹೆಬ್ಬೆರಳ ಗುರುತಿನ ಹಾಗೆ. ಹೆತ್ತ ತಾಯಿ ಬೇರೆ ಯಾರನ್ನೂ ಹತ್ತಿರ ಬಿಡದೆ ಮರಿಯ ಮುಂದೆಯೇ ನಿಲ್ಲುತ್ತದೆ. ಅದರ ಪಟ್ಟೆ, ವಾಸನೆ, ದನಿ ಮರಿಯ ಮನಸ್ಸಿನಲ್ಲಿ ಅಚ್ಚೊತ್ತಬೇಕು. ಬೆಳಕಿನ ನೂಲಿನಿಂದ ನೇಯ್ದ ಈ ಬಟ್ಟೆ ಸತ್ತ ತಾಯಿಯ ಪಟ್ಟೆಗಳನ್ನೇ ಉಟ್ಟುಕೊಳ್ಳುತ್ತಿತ್ತು.

ಆಫ್ರಿಕದ ಬಯಲುಗಳು ಬತ್ತಿದ ಮೇಲೆ ಕೆಲವು ಜೀಬ್ರಾಗಳನ್ನು ಚಳ್ಳಕೆರೆ ಸೀಮೆಯ ಹುಲ್ಲುಗಾವಲಿಗೆ ತಂದು ಬಿಟ್ಟಿದ್ದರು. ದನ ಮೂಸಿಯೂ ನೋಡದ ಒರಟು ಹುಲ್ಲನ್ನು ಅವು ಮೇಯುತ್ತಿದ್ದವು. ಜೀಬ್ರಾ ಮೆಲುಕು ಹಾಕುವ ಪ್ರಾಣಿಯಲ್ಲ. ತಿಂದದ್ದು ಬೇಗ ಸಾಗಿಹೋಗುವುದರಿಂದ ದಿನದ ಬಹುಪಾಲು ಮೇಯಲೇಬೇಕು. ಕುದುರೆಯ ದಾಯಾದಿಯಾದರೂ ಸವಾರನಿಗೆ ಸುಲಭವಾಗಿ ಬೆನ್ನು ಕೊಟ್ಟ ಜಾತಿಯಲ್ಲ. ಇಂಚರಾಳಿಗೆ ಅದೇ ಇಷ್ಟ. ಮರಿಯನ್ನು ಬೆಳೆಸಿ ಮಂದೆಗೆ ಸೇರಿಸಿಬಿಟ್ಟರೆ ತನ್ನ ಜನ್ಮ ಸಾರ್ಥಕ ಎನ್ನುತ್ತಿದ್ದಳು.

ಸಂಜೆಯಾದರೆ ಅವಳ ಫೋನಿನಲ್ಲಿ ಅಮ್ಮನ ಮುಖ ಮೂಡುತ್ತಿತ್ತು. ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು. ಹಳೆಯ ವಿಡಿಯೋಗಳಿಂದ ಮುಖವನ್ನೂ ಮಾತನ್ನೂ ಕಟ್ಟಿಕೊಡುವ ಒಂದು ಕಂಪನಿಯ ಸೇವೆ ಅದು. ಗೊತ್ತಿದ್ದೂ ಇಂಚರಾ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದಳು.

"ಮರಿ ಹೆಂಗೈತೆ ಪುಟ್ಟಿ?"

"ಬಟ್ಟೆ ಕಂಡ್ರೆ ಸಾಕು, ಬಾವಿಗೆ ಬೇಕಾದ್ರೂ ಬೀಳುತ್ತಮ್ಮ."

ಮಂದೆಗೆ ಬಿಡಬೇಕಾದ ದಿನ ಬೆಳಿಗ್ಗೆ ಇಂಚರಾ ಬಂದಾಗ ಲಾಯ ಖಾಲಿಯಿತ್ತು. ಗೇಟಿನ ಬಳಿ ಒಂದು ಲಾರಿ. ಹೊದಿಕೆ ಹೊದ್ದ ತಿಪ್ಪೇಶ ಹಲಗೆ ಹತ್ತುತ್ತಿದ್ದ. ಮರಿ ಅವನ ಬೆನ್ನಿಗೆ ಮೂತಿಯಿಟ್ಟು ಹಿಂದೆಯೇ ಹತ್ತುತ್ತಿತ್ತು. ಒಳಗೆ ಸವಾರಿಗೆ ಕಟ್ಟುವ ಪುಟ್ಟದೊಂದು ತಡಿ ತೂಗುತ್ತಿತ್ತು.

"ಉಂಡ ಮನೆಗೆ ಎರಡು ಬಗೆದೆಯಲ್ಲೋ, ಪಾಪಿ," ಎಂದಳು.

"ಬೈಬೇಡಿ ಅಕ್ಕ. ವಿನೋದವನದೋರು ನಂಗೇ ಅಂತ ಒಂದು ಪ್ರಯೋಗಶಾಲೆ ಕಟ್ಟಿಸಿಕೊಡ್ತಾರೆ. ಮಕ್ಕಳು ಇದರ ಮೇಲೆ ಕೂತು ಆಡ್ತವೆ, ಅಷ್ಟೇ."

ಅವಳು ಹಲಗೆ ಹತ್ತಿ ಮರಿಯತ್ತ ಕೈ ಚಾಚಿದಳು. ಆ ಪಟ್ಟೆ ಹೊದಿಕೆಯಿಲ್ಲದೆ ಅವಳನ್ನು ಅದು ಎಂದೂ ಕಂಡಿರಲಿಲ್ಲ. ಕಿವಿಗಳನ್ನು ಹಿಂದಕ್ಕೆ ಒತ್ತಿ, ಹಲ್ಲು ಕಿಸಿದು, ತಿಪ್ಪೇಶನ ಮರೆಗೆ ಸರಿಯಿತು. ಅವಳ ಕೈ ಹಾಗೆಯೇ ಇಳಿಯಿತು.

"ನಮ್ಮ ಬಟ್ಟೆ ವಿಷಯ ಅವರಿಗೆ ಯಾರು ಹೇಳಿದ್ರೋ?"

"ನಾನಂತೂ ಅಲ್ಲ. ಅವರೇ ನನ್ನ ಹುಡುಕ್ಕಂಡು ಬಂದ್ರು. ಬಟ್ಟೆ ಕಂಡ್ರೆ ಬಾವಿಗೆ ಬೇಕಾದ್ರೂ ಬೀಳುತ್ತಂತಲ್ಲ, ಅಂತ ಕೇಳಿದ್ರು."

ಆ ಮಾತನ್ನು ಇಂಚರಾ ಆಡಿದ್ದು ಒಬ್ಬರ ಹತ್ತಿರ ಮಾತ್ರ. ಅವಳು ಹಲಗೆಯಿಂದ ಇಳಿದು ಪಕ್ಕಕ್ಕೆ ಸರಿದಳು. ಲಾರಿ ಹೊರಟಿತು.

ಅಂದು ಸಂಜೆ ಫೋನು ಎಂದಿನಂತೆ ಬಡಿದುಕೊಂಡಿತು. ಅದೇ ಹಣೆ, ಅದೇ ಕುಂಕುಮ, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಅದೇ ಸದ್ದು. ಈ ಮುಖವನ್ನು ಹೊದ್ದುಕೊಂಡು ತನ್ನ ಮಾತುಗಳನ್ನು ಮಾರುತ್ತಿರುವುದು ಆ ಕಂಪನಿಯೇ ಎಂದು ಈಗ ಅವಳಿಗೆ ಗೊತ್ತಿತ್ತು. ಕರೆ ಕಡಿಯಲೆಂದು ಬೆರಳು ಎತ್ತಿದಳು.

"ಯಾಕೆ ಪುಟ್ಟಿ, ಅಳ್ತಿದೀಯಾ?" ಎಂದಿತು ಅಮ್ಮನ ಮುಖ. "ಏನಾಯ್ತು, ನನ್ನ ಹತ್ರ ಹೇಳು."

ಬೆರಳು ಅಲ್ಲಿಯೇ ನಿಂತಿತು.

"ಹೂಂ, ಅಮ್ಮ," ಎಂದಳು ಇಂಚರಾ, ಮತ್ತು ಹೇಳತೊಡಗಿದಳು.