ಬೆಚ್ಚನೆ ದನಿಗೆ ತಕ್ಕ ಜೋಡಿ

"ಮೂರನೇ ಶನಿವಾರ ಇದು," ಎಂದಳು ಅಂಗಡಿಯ ಒಡತಿ ಗಿಜಿ ಚಿಕ್ಕಮ್ಮ, ಗಲ್ಲಾದಿಂದ ತಲೆಯೆತ್ತದೆ. "ಗಂಡನ್ನ ಆರಿಸೋಕೂ ನಾನು ಇಷ್ಟು ಹೊತ್ತು ತಗೊಂಡಿರಲಿಲ್ಲ ಕಣೇ."

"ಅದಕ್ಕೇ ಅಲ್ವಾ ಚಿಕ್ಕಮ್ಮ, ಇವತ್ತಿಗೂ ಅವರನ್ನ ಬೈಕೊಂಡು ಓಡಾಡೋದು?"

ಗಿಜಿ ನಕ್ಕು ಚೀಸ್ ಬನ್ನಿನ ತಟ್ಟೆಯನ್ನು ಶಾರೊಲ್ತಾಳ ಕಡೆ ತಳ್ಳಿದಳು. "ಹೋಗು, ಒಳಗಿದ್ದಾನೆ. ಬೆಳಗಿನಿಂದ ಒಂದೇ ವೈರನ್ನ ಒರೆಸ್ತಾ ಕೂತಿದ್ದಾನೆ."

ಸೆಗೆಡ್ ಊರಿನಲ್ಲಿ ತೀಸಾ ನದಿಗೆ ಬೆನ್ನು ಮಾಡಿ ನಿಂತ ಆ ಆಡಿಯೋ ಅಂಗಡಿಯ ಹಿಂದಿನ ಕೋಣೆಗೆ ಹೊರಗಿನ ಸದ್ದು ಬರುತ್ತಿರಲಿಲ್ಲ. ಗೋಡೆಗಳಿಗೆಲ್ಲ ದಪ್ಪ ಕಂಬಳಿ ಹೊದಿಸಿತ್ತು. ನಡುವೆ ಶಾರೊಲ್ತಾಳ ಎರಡು ಸ್ಪೀಕರ್‌ಗಳು ನಿಂತಿದ್ದವು. ಅವಳು ಕೆಲಸ ಮಾಡುವ ರಂಗಮಂದಿರದಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದ ಮುದುಕರು ನಿವೃತ್ತರಾಗುವಾಗ ಅವಳಿಗೆ ಕೊಟ್ಟುಹೋದ ಮರದ ಪೆಟ್ಟಿಗೆಗಳು. ಅವುಗಳ ದನಿ ಬೆಚ್ಚಗೆ, ತುಂಬಿಕೊಂಡು, ಅಂಚುಗಳಿಲ್ಲದೆ ಬರುತ್ತಿತ್ತು. ಆ ದನಿಗೆ ಒಪ್ಪುವ ಆಂಪ್ಲಿಫೈಯರ್ ಒಂದು ಬೇಕಿತ್ತು.

ಅಂಗಡಿಯ ಮೆಕ್ಯಾನಿಕ್ ವಿಲ್ಮೊಶ್ ಎದ್ದು ನಿಂತ. "ಬನ್ನಿ," ಎಂದ. ಅವನು ಹೆಚ್ಚು ಮಾತಾಡುವವನಲ್ಲ. ಅವಳೂ ಅಲ್ಲ. ವೇದಿಕೆಯ ಪಕ್ಕದ ಕತ್ತಲಲ್ಲಿ ಕೂತು, ನಟರು ಮರೆತ ಮಾತನ್ನು ಪಿಸುಗುಟ್ಟಿ ನೆನಪಿಸುವುದು ಅವಳ ಕೆಲಸ. ಊರಿನ ಅತಿ ಸಣ್ಣ ದನಿಗೆ ಸಂಬಳ ಪಡೆಯುವವಳು ತಾನು ಎಂದು ಒಮ್ಮೆ ಹೇಳಿದ್ದಳು. ಅವನು ನಗದೆ, ಯೋಚಿಸಿ, ತಲೆಯಾಡಿಸಿದ್ದ. ಅದು ಅವಳ ಮನಸ್ಸಿನಲ್ಲಿ ನಿಂತುಬಿಟ್ಟಿತ್ತು.

"ಇನ್ನು ಎರಡೇ ಉಳಿದಿರೋದು. ಇವತ್ತು ತೀರ್ಮಾನ ಆಗತ್ತೆ," ಎಂದ.

ತೀರ್ಮಾನವಾದರೆ ಸ್ಪೀಕರ್‌ಗಳು ವ್ಯಾನು ಹತ್ತಿ ಮನೆಗೆ ಹೋಗುತ್ತವೆ. ಆಮೇಲೆ ಈ ಕೋಣೆಗೆ ಬರಲು ಅವಳಿಗೆ ಕಾರಣವಿಲ್ಲ. ಇದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿದೆಯೇ ಎಂಬುದು ಮಾತ್ರ ಅವನ ಮುಖದಲ್ಲಿ ಕಾಣಲಿಲ್ಲ.

ಉಳಿದ ಎರಡು ಆಂಪ್ಲಿಫೈಯರುಗಳ ಮೇಲೂ ಬಟ್ಟೆ ಮುಚ್ಚಿ, ದನಿಯ ಮಟ್ಟವನ್ನು ಮೀಟರಿನಲ್ಲಿ ಸಮ ಮಾಡಿದ. ಜೋರಾಗಿರುವುದೇ ಚೆನ್ನಾಗಿದೆ ಅನಿಸಿಬಿಡುತ್ತದೆ, ಕಿವಿ ಅಷ್ಟು ಪೆದ್ದು ಎಂದು ಮೊದಲ ವಾರವೇ ಹೇಳಿಕೊಟ್ಟಿದ್ದ. ಅವಳು ಕುರ್ಚಿಯಲ್ಲಿ ಕಣ್ಣು ಮುಚ್ಚಿದಳು.

ಮೊದಲನೆಯದರಲ್ಲಿ ಹೆಂಗಸೊಬ್ಬಳು ಹಾಡಿದಳು. ತುಟಿ ಕೂಡುವುದು, ಬಿಡುವುದು, ಉಸಿರೆಳೆದದ್ದು, ಎಲ್ಲವೂ ಬಿಡಿಬಿಡಿಯಾಗಿ ಕೇಳಿತು. ಸ್ಪೀಕರಿನ ಬೆಚ್ಚಗಿನ ದನಿ ಅಲ್ಲೇ ಇತ್ತು, ಆದರೆ ಹದದಲ್ಲಿ. ಹಿಂದೆ ವಿಲ್ಮೊಶ್‌ನ ಬೂಟು ಹಲಗೆಯ ಮೇಲೆ ಕಿರುಗುಡುತ್ತಿತ್ತು.

ಎರಡನೆಯದರಲ್ಲಿ ಅದೇ ಹಾಡಿನ ಮುಂದಿನ ಚರಣ ದುಂಡಗಾಗಿ, ಮೆತ್ತಗಾಗಿ, ಮಾತುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬಂತು. ಬೂಟು ಸುಮ್ಮನಾಯಿತು. ಹಿಂದೆ ಮನುಷ್ಯನೇ ಇಲ್ಲವೇನೋ ಎಂಬಷ್ಟು ಮೌನ.

"ಯಾವುದು?"

"ಎರಡನೇದು," ಎಂದಳು ಶಾರೊಲ್ತಾ.

ಅವನು ಬಟ್ಟೆ ತೆಗೆಯಲಿಲ್ಲ. "ಅದರಲ್ಲೇನು ಇಷ್ಟ ಆಯ್ತು?"

"ಬೆಚ್ಚಗಿದೆ."

"ಸ್ಪೀಕರೇ ಬೆಚ್ಚಗಿದೆಯಲ್ರೀ. ಅದರ ಮೇಲೆ ಇದೂ ಬೆಚ್ಚಗಾದ್ರೆ ಬೇಸಿಗೇಲಿ ಕೋಟು ಹಾಕ್ಕೊಂಡ ಹಾಗೆ. ಅವಳು ಹಾಡಿದ ಕೊನೇ ಸಾಲು ಹೇಳಿ ನೋಡೋಣ?"

ಅವಳು ನೆನಪಿನಲ್ಲಿ ತಡಕಾಡಿದಳು. ಸಿಕ್ಕಿದ್ದು ಬರೀ ರಾಗ.

"ಅಕ್ಷರ ಕೇಳೋದೇ ನಿಮ್ಮ ಹೊಟ್ಟೆಪಾಡು. ಇಷ್ಟು ಮಬ್ಬಾಗಿರೋದನ್ನ ನೀವು ಆರಿಸೋಕೆ ಸಾಧ್ಯವೇ ಇಲ್ಲ. ಯಾಕೆ ಸುಳ್ಳು ಹೇಳಿದ್ರಿ?"

"ಅದು ನೀವು ಮಾಡಿದ್ದು ಅಂತ ಗೊತ್ತಾಯ್ತು."

"ಬಟ್ಟೆ ಮುಚ್ಚಿತ್ತಲ್ಲ!"

"ಆಂಪ್ಲಿಫೈಯರಿಗೆ ಮುಚ್ಚಿತ್ತು. ನಿಮ್ಮ ಬೂಟಿಗೆ ಮುಚ್ಚಿರಲಿಲ್ಲ. ಮೊದಲನೇದಕ್ಕೆ ಕಿರ್ ಕಿರ್ ಅಂತಿತ್ತು. ಎರಡನೇದಕ್ಕೆ ನೀವು ಉಸಿರೂ ಬಿಡಲಿಲ್ಲ."

ಅವನ ಕಿವಿ ಕೆಂಪಾಯಿತು. ಬಟ್ಟೆ ಎಳೆದ. ಒಳಗೆ ಹಳೇ ರೇಡಿಯೋದಲ್ಲಿರುವಂಥ ಗಾಜಿನ ವಾಲ್ವ್‌ಗಳು ಕೆಂಡದಂತೆ ಹೊಳೆಯುತ್ತಿದ್ದವು. "ಓಹೋ, ಪಾಪ ಅಂತ ಆರಿಸಿದ್ರಾ? ಕನಿಕರಕ್ಕೆ ಕೊಡೋದಿಲ್ಲ ನಾನು ಇದನ್ನ," ಎಂದವನೇ ಸ್ವಿಚ್ ಆರಿಸಿ ವೈರು ಬಿಚ್ಚತೊಡಗಿದ.

ವಾಲ್ವ್‌ಗಳು ನಿಧಾನವಾಗಿ ಕಪ್ಪಾದವು. ಲೋಹ ತಣ್ಣಗಾಗುವ ಟಿಕ್ ಟಿಕ್ ಸದ್ದು. ಶಾರೊಲ್ತಾ ಆ ಮೌನವನ್ನು ಬಲ್ಲಳು. ವೇದಿಕೆಯ ಮೇಲೆ ಯಾರೋ ಮಾತು ಮರೆತಾಗ ಬೀಳುವ ಮೌನ ಅದು. ಇನ್ನೊಂದು ಕ್ಷಣ ತಡೆದರೆ ದೃಶ್ಯ ಕೈತಪ್ಪುತ್ತದೆ. ಆ ಊರಲ್ಲಿ ಗಂಡಸು ತಾನಾಗಿ ಏಕವಚನದ ಸಲುಗೆಗೆ ಇಳಿಯುವಂತಿಲ್ಲ. ಹೆಣ್ಣೇ ಮೊದಲು 'ನೀನು' ಎಂದು ಕರೆಯಬೇಕು.

"ಕನಿಕರ ಅಲ್ಲ ವಿಲ್ಮೊಶ್. ಈ ಪೆಟ್ಟಿಗೆಗಳು ಮನೆಗೆ ಹೋದ್ಮೇಲೆ ನಾನಿಲ್ಲಿಗೆ ಬರೋಕೆ ಏನು ನೆಪ ಇದೆ, ನೀನೇ ಹೇಳು. ನಿನ್ನ ಕೈಯಿಂದಾಗಿದ್ದು ಏನಾದ್ರೂ ಒಂದು ಮನೇಲಿರಲಿ ಅನ್ನಿಸ್ತು." ಅವಳ ದನಿ ಪಿಸುಮಾತಾಗಿರಲಿಲ್ಲ. "ನನಗೆ ಬೇಕಾಗಿರೋದು ನೀನು. ಆ ಆಂಪ್ಲಿಫೈಯರ್ ಅಲ್ಲ."

ಅವನು ವೈರು ಹಿಡಿದುಕೊಂಡೇ ಅವಳ ಕಡೆ ತಿರುಗಿದ.

"ಸ್ವಲ್ಪವೂ ಇಷ್ಟ ಆಗಲಿಲ್ವಾ?"

"ಯಾವುದು?"

"ಆಂಪ್ಲಿಫೈಯರು. ಒಂದು ಚಳಿಗಾಲ ಪೂರ್ತಿ ಕೂತು ಮಾಡಿದ್ದು."

"ಈ ಸ್ಪೀಕರ್ ಜೊತೆಗಾ? ಸ್ವಲ್ಪವೂ ಇಲ್ಲ."

ಅವನು ನಕ್ಕುಬಿಟ್ಟ. ಕಂಬಳಿ ಹೊದಿಸಿದ ಆ ಕೋಣೆಯಲ್ಲಿ ನಗು ಎಲ್ಲೂ ಪ್ರತಿಧ್ವನಿಸದೆ, ನೇರವಾಗಿ ಅವಳನ್ನು ಮುಟ್ಟಿತು.

"ಹಾಗಾದ್ರೆ ಮೊದಲನೇದನ್ನೇ ತಗೋ," ಎಂದ. ಆ 'ತಗೋ' ಹೊರಡುವ ಮೊದಲು ಒಮ್ಮೆ ತಡವರಿಸಿತು. "ಸೋಮವಾರ ಸಂಜೆ ನಾನೇ ತಂದು ಜೋಡಿಸಿ ಕೊಡ್ತೀನಿ. ಹತ್ತು ನಿಮಿಷದ ಕೆಲಸ."

"ನಿಧಾನಕ್ಕೆ ಮಾಡು," ಎಂದಳು ಶಾರೊಲ್ತಾ.