ಒಬ್ಬಳೇ ನೋಡಿದ ಪಿಚ್ಚರ್

"ಅಳ್ಬ್ಯಾಡಿ ಕಣ್ರಿ... ಅವ್ನು ಸತ್ತಿಲ್ಲ. ಕೊನೇಲಿ ವಾಪಸ್ ಬತ್ತಾನೆ!"

ಪದ್ಮಿನಿ ಬೆಚ್ಚಿಬಿದ್ದಳು.

ಮಹಡಿಯ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಯಾರದೋ ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಎದುರಿಗೆ ಗೋಡೆಗೆ ಒರಗಿಸಿಟ್ಟ ಮೊಬೈಲಿನಲ್ಲಿ ಪಿಚ್ಚರ್ ಓಡುತ್ತಿತ್ತು. ಕೆನ್ನೆಯೆಲ್ಲ ಒದ್ದೆ. ತಲೆ ಎತ್ತಿ ನೋಡಿದರೆ, ಹೆಗಲಿಗೆ ವೈರಿನ ಸುರುಳಿ ಹಾಕಿಕೊಂಡ ಎತ್ತರದ ಆಳೊಬ್ಬ ನಿಂತಿದ್ದ.

"ಯಾರ್ರೀ ನೀವು?"

"ಇಂಟರ್ನೆಟ್ ಲೈನ್‌ನೋನು. ಚಿನ್ನಸ್ವಾಮಿ ಅಂತ. ಕೋತಿ ವೈರ್ ಕಿತ್ತಾಕದೆ ಅಂತ ನಿಮ್ಮಣ್ಣ ಫೋನ್ ಮಾಡಿದ್ರು."

"ಕೋತಿ ಕಿತ್ತಾಕಿದ್ದು ವೈರು. ನೀವು ಬಂದು ಪಿಚ್ಚರ್‌ನೇ ಕಿತ್ತಾಕುದ್ರಲ್ಲ! ಇನ್ನೂ ಅರ್ಧ ಗಂಟೆ ಇತ್ತು!"

ಚಿನ್ನಸ್ವಾಮಿ ತಬ್ಬಿಬ್ಬಾದ. "ಅಷ್ಟೊಂದು ಅಳ್ತಾ ಇದ್ರಲ್ಲ... ನೋಡಕ್ಕಾಗ್ಲಿಲ್ಲ ಕಣ್ರಿ."

"ಪಿಚ್ಚರ್‌ನಲ್ಲಿ ಸತ್ತೋರು ವಾಪಸ್ ಬತ್ತಾರೆ ಬುಡಿ," ಎಂದಳು ಪದ್ಮಿನಿ. ಸಿಟ್ಟಿನಲ್ಲಿ ಶುರುವಾದ ಮಾತು ಕೊನೆಗೆ ಬರುವಷ್ಟರಲ್ಲಿ ಮೆತ್ತಗಾಗಿತ್ತು.

ಅವನ ಕಣ್ಣು ಒಂದು ಗಳಿಗೆ ಅವಳ ಬರಿಗೊರಳಿನ ಮೇಲೆ ನಿಂತಿತು. ಅರ್ಥವಾಯಿತು. ಬಾಯಿ ಮುಚ್ಚಿಕೊಂಡು ವೈರು ಕಟ್ಟಿದ. ಇಳಿಯುವಾಗ ಮೆಟ್ಟಿಲ ಹತ್ತಿರ ನಿಂತು, "ತಪ್ಪಾಯ್ತು ಕಣ್ರಿ," ಎಂದ. ಪಿಚ್ಚರ್ ಕೆಡಿಸಿದ್ದಕ್ಕೋ ಇನ್ನೊಂದಕ್ಕೋ, ಅವಳೂ ಕೇಳಲಿಲ್ಲ.

ಪದ್ಮಿನಿಗೆ ಇಪ್ಪತ್ತೆಂಟು ವರ್ಷ. ಹನೂರಿನ ಗಂಡ ಲಾರಿ ಅಪಘಾತದಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು. ಅಂದಿನಿಂದ ಕೊಳ್ಳೇಗಾಲದ ತವರಿನಲ್ಲಿ ಅಣ್ಣ ಮಾದೇಶ, ಅತ್ತಿಗೆ ಮಂಗಳ, ತಾಯಿ ದೊಡ್ಡಮಾದಮ್ಮನ ಜೊತೆ ಇದ್ದಳು. ಯಾರೂ ಕೆಟ್ಟವರಲ್ಲ. ಆದರೆ ತಿನ್ನುವ ಅನ್ನ ಅಣ್ಣನದು ಅನ್ನುವುದನ್ನು ಅವಳು ಒಂದು ದಿನವೂ ಮರೆತವಳಲ್ಲ. ಅಣ್ಣ ಹ್ಞೂಂ ಅಂದದ್ದಕ್ಕೆ ಹ್ಞೂಂ, ಊಹ್ಞೂಂ ಅಂದದ್ದಕ್ಕೆ ಊಹ್ಞೂಂ... ಅದೇ ಅಭ್ಯಾಸವಾಗಿಬಿಟ್ಟಿತ್ತು.

ನಾಲ್ಕು ದಿನ ಬಿಟ್ಟು, ಲೈನಿನ ಅರ್ಜಿಯಲ್ಲಿದ್ದ ಅವಳ ನಂಬರಿಗೆ ವಾಟ್ಸಾಪಿನಲ್ಲಿ ಚಿನ್ನಸ್ವಾಮಿಯ ಮೆಸೇಜು ಬಂತು. 'ಪಿಚ್ಚರ್ ಮುಗೀತಾ? ಎಂಗಿತ್ತು?'

ಎರಡು ದಿನ ಅದನ್ನು ನೋಡಿ ನೋಡಿ ಸುಮ್ಮನಿದ್ದಳು. ಮೂರನೇ ದಿನ ತಡೆಯಲಾಗಲಿಲ್ಲ.

'ಮನೆಯೋರ ಜೊತೆ ನೋಡ್ದಾಗ ಒಂದು ಥರ, ಒಬ್ಳೇ ನೋಡ್ದಾಗ ಒಂದು ಥರ. ನಿಮಗೆ ಯಾವುದು ಬೇಕು?'

'ಎರಡೂ.'

ಹೀಗೆ ಶುರುವಾದದ್ದು!

ಮನೆಯಲ್ಲಿ ಪಿಚ್ಚರ್ ನೋಡುವುದೆಂದರೆ ರಿಮೋಟು ಮಾದೇಶನ ಕೈಯಲ್ಲಿ. ಹೀರೋ ಹೀರೋಯಿನ್ ಸ್ವಲ್ಪ ಹತ್ತಿರ ಬಂದರೆ ಸಾಕು, ಅವನು ಪಿಚ್ಚರನ್ನು ಮುಂದಕ್ಕೆ ಓಡಿಸುತ್ತಿದ್ದ. ಮಂಗಳ ಅದೇ ಹೊತ್ತಿಗೆ ಒಲೆ ಮೇಲಿನ ಹಾಲು ನೋಡಲು ಎದ್ದು ಹೋಗುತ್ತಿದ್ದಳು. ಒಲೆ ಮೇಲೆ ಹಾಲು ಇದೆಯೋ ಇಲ್ಲವೋ ಅದು ಬೇರೆ ಮಾತು. ಕೊನೆಗೆ ಮಾದೇಶ ಹೇಳಿದ್ದೇ ಎಲ್ಲರ ಅಭಿಪ್ರಾಯ.

ಚಿನ್ನಸ್ವಾಮಿಗೆ ಅವಳು ಎರಡನ್ನೂ ಹೇಳುತ್ತಿದ್ದಳು. ಕುಚ್ಚು ಕಟ್ಟುತ್ತಾ ಟೈಪ್ ಮಾಡಲು ಆಗುವುದಿಲ್ಲವಲ್ಲ, ವಾಯ್ಸ್ ಮೆಸೇಜು.

"ಮನೆಯೋರ ಜೊತೆ: ಫೈಟು ಸೂಪರ್. ಒಬ್ಳೇ ನೋಡ್ದಾಗ: ಅಷ್ಟು ಜನಕ್ಕೆ ಒಡ್ದು ಮನೆಗೆ ಬತ್ತಾನೆ, ಉಂಡ್ಯಾ ಅಂತ ಕೇಳೋರು ಒಬ್ರಿಲ್ಲ. ಪಾಪ ಅನ್ಸ್ತು ಕಣ್ರಿ."

ಯಳಂದೂರಿನ ಹತ್ತಿರ ಹೊನ್ನೂರು ಅವನ ಊರು. ಅಲ್ಲಿಂದ ಅವನ ದನಿ ಬರುತ್ತಿತ್ತು. "ನಾನು ಒಬ್ನೇ ನೋಡ್ದಾಗ ಪಿಚ್ಚರ್ ನೋಡ್ತೀನಿ. ಅವ್ವನ ಜೊತೆ ಕುಂತ್ರೆ ಅವ್ವನ್ನೇ ನೋಡ್ಬೇಕು. ಹೀರೋಯಿನ್ ಕದ ತಗಿಯಕ್ಕೆ ಓದ್ರೆ, 'ತಗೀಬ್ಯಾಡ ಕನವ್ವಾ, ಅವ್ನು ಕಳ್ಳ!' ಅಂತ ಕೂಗ್ತಾಳೆ. ಟೀವಿಗೆ!"

ಪದ್ಮಿನಿ ಮಹಡಿಯಲ್ಲಿ ಒಬ್ಬಳೇ ನಕ್ಕಳು. ಮೂರು ವರ್ಷದ ಮೇಲೆ ಅಷ್ಟು ಜೋರಾಗಿ ನಕ್ಕಿದ್ದು ಅದೇ ಮೊದಲು.

'ಇದು ಬರೀ ಪಿಚ್ಚರ್ ಮಾತು ಅಷ್ಟೇ...' ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳಬೇಕಾದ ಪ್ರಮೇಯ ಬಂದಾಗಲೇ ಅದು ಬರೀ ಪಿಚ್ಚರ್ ಮಾತಾಗಿ ಉಳಿದಿರಲಿಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು.

ಆರು ತಿಂಗಳು ಕಳೆಯಿತು. ಆಗ ಹೊಸದಾಗಿ ಒಂದು ಪಿಚ್ಚರ್ ಬಂತು. ಗಂಡ ಸತ್ತ ಹುಡುಗಿಯೊಬ್ಬಳು ಮತ್ತೆ ಮದುವೆಯಾಗುವ ಕಥೆ. ಪದ್ಮಿನಿ ಒಬ್ಬಳೇ ಎರಡು ಸಲ ನೋಡಿದಳು. ಆಮೇಲೆ ಮೊಬೈಲು ಬಾಯಿಯ ಹತ್ತಿರ ಹಿಡಿದು ಪಿಸುಗುಟ್ಟಿದಳು.

"ಆ ಉಡ್ಗಿ ಕೊನೇಲಿ 'ನಂಗೂ ಬದುಕ್ಬೇಕು' ಅಂತಾಳಲ್ಲ... ಅವ್ಳ ಜಾಗದಲ್ಲಿ ನಾನಿದ್ರೂ ಅಂಗೇ ಅಂತಿದ್ದೆ. ಕೇಳೋರು ಒಳ್ಳೇರಾಗಿದ್ರೆ... ಊಂ ಅಂತಿದ್ದೆ."

ಚಿನ್ನಸ್ವಾಮಿ ಆ ಮೆಸೇಜನ್ನು ಎಷ್ಟು ಸಲ ಕೇಳಿದನೋ. ಮುಂದಿನ ಭಾನುವಾರ ಮಧ್ಯಾಹ್ನ ತನ್ನ ತಾಯಿ ರಂಗಮ್ಮನನ್ನು ಕರೆದುಕೊಂಡು ಕೊಳ್ಳೇಗಾಲಕ್ಕೆ ಬಂದೇಬಿಟ್ಟ!

"ಲೈನ್ ಚೆಕ್ ಮಾಡಮ ಅಂತ ಬಂದೆ ಸಾ. ಅವ್ವ ಪ್ಯಾಟೆಗೆ ಬಂದಿದ್ಲು, ಅಂಗೇ ಕರ್ಕಂಡು ಬಂದೆ," ಎಂದ ಮಾದೇಶನಿಗೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಯಾರಾದರೂ ಕಂಬ ಹತ್ತಲು ಬರುತ್ತಾರಾ? ಮಾದೇಶನಿಗೆ ಅದು ಹೊಳೆಯಲಿಲ್ಲ. ಪದ್ಮಿನಿಗೆ ಹೊಳೆಯಿತು.

ರಂಗಮ್ಮನ ಕೈಯಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಮಲ್ಲಿಗೆ ಇತ್ತು. ಅವರು ಪದ್ಮಿನಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕರು. "ನಂಗೆ ಸಕ್ರೆ ಕಾಯ್ಲೆ ಕನವ್ವ, ಕಾಪಿಗೆ ಸಕ್ರೆ ಆಕ್ಬ್ಯಾಡ."

ಟೀವಿಯಲ್ಲಿ ಅದೇ ಪಿಚ್ಚರ್ ಓಡುತ್ತಿತ್ತು. ಮಂಗಳ ಹಾಕಿದ್ದಳು. ಎಲ್ಲರೂ ನೋಡುತ್ತಾ ಕೂತರು. ಮದುವೆಯ ಸೀನು ಬಂದಾಗ ಮಾದೇಶ ರಿಮೋಟು ಒತ್ತಿ ನಿಲ್ಲಿಸಿದ.

"ಥೂ! ಇಂಥಾವ ತಗುದು ಮನೆ ಎಣ್ಮಕ್ಕಳ ತಲೆ ಕೆಡಿಸ್ತಾರೆ. ಅಲ್ವಾ ಪದ್ಮಿ? ನೀನೇ ಯೋಳು."

ಎಲ್ಲರ ಕಣ್ಣೂ ಅವಳ ಮೇಲೆ.

'ಅಣ್ಣನಿಗೆ ಅನುಮಾನ ಬಂತಾ? ಮೆಸೇಜು ನೋಡಿಬಿಟ್ಟನಾ? ಮುಖದಲ್ಲೇ ಗೊತ್ತಾಗ್ತಿದೆಯಾ?' ಸುಮ್ಮನೆ ಹ್ಞೂಂ ಅಂದಿದ್ದರೂ ಸಾಕಿತ್ತು. ಭಯಕ್ಕೆ ಬಿದ್ದವಳು ಬೇಕಾದ್ದಕ್ಕಿಂತ ನಾಲ್ಕು ಮಾತು ಜಾಸ್ತಿ ಆಡಿಬಿಟ್ಟಳು.

"ಊಂ ಕಣಣ್ಣ. ಎರಡ್ನೇ ಸಲ ತಾಳಿ ಕಟ್ಟಿಸ್ಕಂಡು ಅದ್ಯಾವ ಮುಖ ಒತ್ಕಂಡು ಜನದ ಮುಂದೆ ಓಡಾಡ್ತಾಳೋ! ಮಾನ ಇರೋ ಎಂಗ್ಸು ಮಾಡೋ ಕೆಲ್ಸ ಅಲ್ಲ ಅದು."

ಬಾಯಿಯ ಹತ್ತಿರ ಹೋಗಿದ್ದ ರಂಗಮ್ಮನ ಲೋಟ ಅಲ್ಲೇ ನಿಂತಿತು. ನಿಧಾನಕ್ಕೆ ಕೆಳಗಿಟ್ಟರು. ಸೆರಗು ಸರಿ ಮಾಡಿಕೊಂಡು ಎದ್ದರು.

"ಓಗಮ ನಡಿ ಮಗ. ಬಸ್ಸು ಓಯ್ತದೆ."

ಮಲ್ಲಿಗೆಯನ್ನು ಮಂಗಳಳ ಕೈಗೆ ಕೊಟ್ಟು, "ಮುಡ್ಕವ್ವ" ಎಂದರು. ಚಿನ್ನಸ್ವಾಮಿ ಪದ್ಮಿನಿಯ ಕಡೆ ತಿರುಗಿಯೂ ನೋಡಲಿಲ್ಲ. ತಂದಿದ್ದ ಟೂಲ್ಸ್ ಬ್ಯಾಗನ್ನು ಬಿಚ್ಚದೆ ಎತ್ತಿಕೊಂಡು ಹೋದ.

ಸಂಜೆಗೆ ಅವಳೇ ಕಳಿಸಿದಳು. 'ಅದು ಮನೆಯೋರ ಜೊತೆ ನೋಡ್ದಾಗಿನ ಮಾತು ಕಣ್ರಿ. ನಿಮಗೆ ಗೊತ್ತಲ್ವಾ?'

ಉತ್ತರ ಮಾರನೇ ದಿನ ಬಂತು.

'ನಮ್ಮವ್ವ ಕೂಡಾವಳಿ ಆಗಿ ಬಂದೋಳು. ಮೊದಲ್ನೇ ಗಂಡ ತೀರ್ಕಂಡ ಮೇಲೆ ನಮ್ಮಪ್ಪ ಅವ್ಳಿಗೆ ತಾಳಿ ಕಟ್ಟಿದ್ದು. ಅವತ್ತು ನಿಮ್ಮನ್ನ ಕೇಳಕ್ಕೆ ಅಂತ ಬಂದಿದ್ಲು. ನೀವು ಒಬ್ರೇ ನೋಡ್ದಾಗ ಆಡೋ ಮಾತ ನಾನು ನಂಬಿದ್ದೆ. ಆದ್ರೆ ಸಂಸಾರ ಮಾಡೋದು ಜನದ ಮುಂದೆ ಅಲ್ವಾ?'

ಪದ್ಮಿನಿ ಅದನ್ನು ಎರಡು ಸಲ ಓದಿದಳು. ಆ ಲೋಟ ಕೆಳಗಿಟ್ಟ ಕೈ ಕಣ್ಣಿಗೆ ಕಟ್ಟಿತು. ಮಾನ ಇರೋ ಹೆಂಗಸು... ಯಾರ ಎದುರಿಗೆ ಕೂತು ಯಾರನ್ನು ಅಂದೆ ನಾನು?

'ತಪ್ಪಾಯ್ತು. ಅವ್ವನ ಹತ್ರ ಮಾತಾಡ್ಬೇಕು' ಎಂದು ಕಳಿಸಿದಳು. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಮುಂದಿನ ಸಲ ಕೋತಿ ವೈರು ಕಿತ್ತಾಗ ಮಾದು ಅನ್ನುವ ನಡುವಯಸ್ಸಿನವನು ಬಂದ. "ಚಿನ್ನಸ್ವಾಮಿನಾ? ಅವ್ನು ಕೌದಳ್ಳಿ ಕಡೆ ಲೈನ್ ಕೇಳಿ ಆಕಿಸ್ಕಂಡ ಕಣಮ್ಮ," ಎಂದ.

ಹೊನ್ನೂರು ಏನು ಕಾಶಿಯಾ? ಬಸ್ಸು ಹತ್ತಿದರೆ ಆಯಿತು. ಆದರೆ ಮನೆಯಲ್ಲಿ ಏನು ಹೇಳುವುದು? ಮುಂದಿನ ವಾರ ಅಂದುಕೊಂಡಳು. ಆಮೇಲೆ ಹಬ್ಬ ಕಳೆಯಲಿ ಅಂದುಕೊಂಡಳು. ಒಂದು ದಿನ ಸೀರೆ ತಲುಪಿಸುವ ನೆಪದಲ್ಲಿ ಬಸ್ಸು ಹತ್ತಿಯೂಬಿಟ್ಟಳು. ದಾರಿಯಲ್ಲಿ ಕುಂತೂರಿನ ಫ್ಯಾಕ್ಟರಿಗೆ ಹೊರಟ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಸಿಕ್ಕಿಕೊಂಡು ಬಸ್ಸು ಹತ್ತು ನಿಮಿಷ ನಿಂತಿತು. ಆ ಹತ್ತು ನಿಮಿಷಕ್ಕೇ ಧೈರ್ಯ ಸೋರಿಹೋಯಿತು. ಇಳಿದು ಎದುರು ಬಸ್ಸು ಹಿಡಿದು ವಾಪಸು ಬಂದಳು.

ನಾಲ್ಕು ತಿಂಗಳು ಹೀಗೇ.

ಮಾದು ಮತ್ತೆ ಬಂದ ದಿನ ಕಂಬದ ಮೇಲಿಂದಲೇ ಹೇಳಿದ. "ಚಿನ್ನಸ್ವಾಮಿ ತಾಯಿ ಓಗ್ಬುಟ್ರು ಕಣಮ್ಮ. ಸಕ್ರೆ ಕಾಯ್ಲೆ ಜಾಸ್ತಿ ಆಗಿತ್ತಂತೆ. ಮೊನ್ನೆ ಹನ್ನೊಂದನೇ ದಿನದ ಕಾರ್ಯ ಆಯ್ತು."

ಪದ್ಮಿನಿಯ ಕೈಯಿಂದ ದಾರ ಜಾರಿತು.

ಹೋಗಿಬಿಟ್ಟರು! ಇನ್ನು ಯಾರ ಕಾಲು ಹಿಡಿಯುವುದು? ತನ್ನ ಬಾಯಿಂದ ಅವರು ಕೇಳಿದ್ದು ಅದೊಂದೇ ಮಾತು. ಅದನ್ನೇ ಕಿವಿಯಲ್ಲಿಟ್ಟುಕೊಂಡು ಹೋದರು. ಆ ಬಸ್ಸಿನಿಂದ ತಾನು ಇಳಿಯದೆ ಇದ್ದಿದ್ದರೆ... ಅವತ್ತು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ... ಅವಳು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಈ ಸಲ ಎದುರಿಗೆ ಯಾವ ಪಿಚ್ಚರೂ ಇರಲಿಲ್ಲ.

ಭಾನುವಾರ ಎಲ್ಲರೂ ಟೀವಿ ಮುಂದೆ ಕೂತಿದ್ದರು. ಯಾವುದೋ ಕಾಮಿಡಿ ಪಿಚ್ಚರ್. ಮಾದೇಶ ಹೊಟ್ಟೆ ಹಿಡಿದುಕೊಂಡು ನಗುತ್ತಾ, "ಸಖತ್ತಾಗದೆ ಅಲ್ವಾ ಪದ್ಮಿ?" ಎಂದ.

"ಇಲ್ಲ ಅಣ್ಣ. ಚೆನ್ನಾಗಿಲ್ಲ."

ಮಾದೇಶ ತಿರುಗಿ ನೋಡಿದ. ಅವಳು ಇಲ್ಲ ಅಂದದ್ದನ್ನು ಅವನು ಕೇಳಿಯೇ ಇರಲಿಲ್ಲ.

"ಅವತ್ತು ಆ ಮದ್ವೆ ಪಿಚ್ಚರ್ ಬಗ್ಗೆ ನಾನು ಅಂದಿದ್ದೂ ಸುಳ್ಳು. ನಿನ್ಗೆ ಎದ್ರಿ ಅಂದೆ. ನಂಗೆ ಅದು ಚೆನ್ನಾಗಿತ್ತು. ಎರಡು ಸಲ ನೋಡಿದ್ದೆ. ಚಿನ್ನಸ್ವಾಮಿ ನನ್ನ ಕೇಳಕ್ಕೆ ಅವ್ರ ತಾಯಿನ ಕರ್ಕಂಡು ಬಂದಿದ್ರು ಅಣ್ಣ. ಆಯಮ್ಮನೂ ಎರಡ್ನೇ ಸಲ ತಾಳಿ ಕಟ್ಟಿಸ್ಕಂಡೋರು. ಅವ್ರ ಮುಂದೆ ನಾನು ಅಂಗಂದೆ. ಈಗ ಆಯಮ್ಮ ಇಲ್ಲ. ನಾನು ಒನ್ನೂರಿಗೆ ಓಯ್ತೀನಿ."

"ಏನಂದೆ?" ಮಾದೇಶ ಎದ್ದು ನಿಂತ. ಮುಖ ಕೆಂಪಾಗಿತ್ತು.

"ಟೀವಿ ಆರ್ಸು ಮಾದೇಶ," ಎಂದರು ದೊಡ್ಡಮಾದಮ್ಮ. "ಆಯಮ್ಮ ನಮ್ಮನೇಲಿ ಕಾಪಿ ಅರ್ಧಕ್ಕೆ ಬುಟ್ಟು ಎದ್ದೋದ್ರು. ಊವ ಯಾರ್ಗೆ ತಂದಿದ್ರು ಅಂತ ನಂಗೆ ಅವತ್ತೇ ಗೊತ್ತಾಯ್ತು. ಗೊತ್ತಾಗಿಯೂ ಸುಮ್ಕೆ ಕುಂತಿದ್ದೆ, ನಂಗೂ ನಿನ್ ಭಯನೇಯ. ನಡಿ ಪದ್ಮಿ, ನಾನೂ ಬತ್ತೀನಿ."

ಮಾದೇಶ ಒಪ್ಪಲಿಲ್ಲ. ಆದರೆ ಬಾಗಿಲಿಗೆ ಅಡ್ಡವೂ ನಿಲ್ಲಲಿಲ್ಲ.

ಹೊನ್ನೂರಿನ ಮನೆಯ ಜಗಲಿಯಲ್ಲಿ ಚಿನ್ನಸ್ವಾಮಿ, ಅವನ ಸೋದರಮಾವ ಹನುಮಯ್ಯ, ಅಕ್ಕಪಕ್ಕದ ಇಬ್ಬರು ಹೆಂಗಸರು ಕೂತಿದ್ದರು. ಅವನು ತಲೆ ಬೋಳಿಸಿಕೊಂಡಿದ್ದ. ಅವಳನ್ನು ಕಂಡು ಎದ್ದ. ಬನ್ನಿ ಅನ್ನಲಿಲ್ಲ.

ಪದ್ಮಿನಿ ಅಂಗಳದಲ್ಲೇ ನಿಂತಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನಿಮ್ಮವ್ವನ ಮುಂದೆ ನಾನು ಆಡಬಾರದ ಮಾತಾಡ್ದೆ. ಅದು ನನ್ನ ಮನಸಿನ ಮಾತಲ್ಲ, ನನ್ನ ಭಯದ ಮಾತು. ಆಯಮ್ಮನ ಕಾಲಿಗೆ ಬಿದ್ದು ಯೋಳ್ಬೇಕಿತ್ತು. ನಾಕು ತಿಂಗ್ಳು ಟೈಮಿತ್ತು, ಬರ್ಲಿಲ್ಲ. ಅದ್ಕೆ ಎಲ್ಲಾರ ಮುಂದೆ ಯೋಳಕ್ಕೆ ಬಂದೆ..."

ಹನುಮಯ್ಯ ತಲೆ ತಗ್ಗಿಸಿದರು.

"ಅವ್ವ ನಿಮ್ಮ ಮ್ಯಾಲೆ ಬೇಜಾರು ಮಾಡ್ಕಂಡಿರ್ಲಿಲ್ಲ," ಎಂದ ಚಿನ್ನಸ್ವಾಮಿ.

"ಏನಂದ್ರಿ?"

"ಅವತ್ತು ಬಸ್ಸಲ್ಲೇ ಅಂದ್ಲು. 'ಆ ಮಗ ಅಣ್ಣನ ಮುಖ ನೋಡ್ಕಂಡು ಮಾತಾಡ್ತು ಕನ್ಲಾ. ತವರಲ್ಲಿ ಕುಂತಿದ್ದಾಗ ನಾನೂ ಅಂಗೇ ಆಡ್ತಿದ್ದೆ. ನೀನು ಇನ್ನೊಂದು ಸಲ ಓಗಿ ಒಬ್ಳನ್ನೇ ಕೇಳು' ಅಂತ. ದಿನಾ ಅಂತಿದ್ಲು. ಆಸ್ಪತ್ರೇಲೂ ಅಂದ್ಲು." ಅವನು ಮುಖ ಒರೆಸಿಕೊಂಡ. "ನಂಗೇ ಸಿಟ್ಟು. ನಾನ್ಯಾಕೆ ಓಗ್ಲಿ ಅಂತ ಕುಂತೆ. ನಾನು ಬಂದಿದ್ರೆ ಅವ್ವ ನಮ್ಮ ಮದ್ವೆ ನೋಡ್ಕಂಡೇ ಓಯ್ತಿದ್ಲು..."

ಅವಳು ಅಂದುಕೊಂಡಿದ್ದು, ತಪ್ಪೆಲ್ಲ ತನ್ನೊಬ್ಬಳದೇ ಎಂದು. ಈಗ ನೋಡಿದರೆ ಅವನೂ ಅದೇ ನಾಲ್ಕು ತಿಂಗಳ ತಪ್ಪನ್ನು ಹೊತ್ತುಕೊಂಡು ನಿಂತಿದ್ದ. ಅವಳಿಗೆ ಸಮಾಧಾನವಾಗಲಿಲ್ಲ, ಇನ್ನೂ ಹೆಚ್ಚು ಅಳು ಬಂತು. ಅವನ ಪಕ್ಕಕ್ಕೆ ಹೋಗಿ ಜಗಲಿಯ ಅಂಚಿನಲ್ಲಿ ಕೂತಳು. ದೊಡ್ಡಮಾದಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಅತ್ತ ತಿರುಗಿದರು.

"ಒಬ್ಳನ್ನೇ ಕೇಳು ಅಂದಿದ್ರಾ?"

"ಊಂ."

"ಬ್ಯಾಡ. ಇಲ್ಲೇ ಕೇಳಿ. ಇವ್ರೆಲ್ಲಾರೂ ಇರ್ಲಿ."

ಅವನು ಅವಳ ಮುಖ ನೋಡಿದ. "ನನ್ನ ಮದ್ವೆ ಆಯ್ತೀರಾ ಪದ್ಮಿನಿ?"

"ಆಯ್ತೀನಿ."

ಅವನು ತೆರೆದ ಬಾಗಿಲ ಕಡೆ ನೋಡಿ ಮೆಲ್ಲಗೆ ಅಂದ, "ಇನ್ನೊಂದು ಸಲ ಯೋಳಿ. ಜೋರಾಗಿ."

"ನಿಮ್ಮವ್ವಂಗೆ ಕೇಳಿಸ್ತದಾ?"

"ಇಲ್ಲ," ಎಂದ ಚಿನ್ನಸ್ವಾಮಿ. "ಆದ್ರೂ ಯೋಳಿ."

ಅವಳು ಹೇಳಿದಳು.