ಬಾವಿಗೆ ಬಂದ ಹಸಿರು

ಜೂನ್ ಎರಡನೇ ತಾರೀಖು, ಸೋಮವಾರ ಬೆಳಿಗ್ಗೆ, ಅಟ್ಟೂರಿನ ಬಡಾವಣೆಯೊಂದರ ನಿವಾಸಿಗಳ ಸಂಘದ ಕಾರ್ಯದರ್ಶಿ ವಿಜಯಕುಮಾರ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಬಡಾವಣೆಯವರು ಕುಡಿಯುವ ಬಾವಿಗೆ ಯಾರೋ ಕಕ್ಕಸಿನ ನೀರು ಸುರಿದಿದ್ದಾರೆ, ಇಪ್ಪತ್ತಕ್ಕೂ ಹೆಚ್ಚು ಮಂದಿ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ್ದಾರೆ, ಪಾರವ್ವ ಎಂಬ ಅರವತ್ತು ದಾಟಿದ ಹೆಂಗಸು ಹಿಂದಿನ ದಿನ ತೀರಿಕೊಂಡಿದ್ದಾರೆ. ಪಾರವ್ವನ ಮಗ ಸಂಗಮೇಶ ಪಕ್ಕದ ಬೆಂಚಿನ ಮೇಲೆ ಕುಳಿತಿದ್ದ. ಗದಗ ಕಡೆಯವನು, ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ.

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಸ್ಮಿತಾ ಕೇಳಿದರು.

"ಅನುಮಾನ ಏನ್ ಬಂತು ಮೇಡಂ, ಖಾತ್ರಿ. ಟ್ಯಾಂಕರ್ ನಿರಂಜನ್. ಬಾವಿ ಸರಿಹೋದ ಮೇಲೆ ಅವನ ಗಾಡಿ ನಮ್ಮ ಬೀದಿಗೆ ಬರೋದೇ ನಿಂತೋಯ್ತು. 'ನಿಮ್ಮ ಬಾವಿ ಎಷ್ಟು ದಿನ ನಡೆಯುತ್ತೋ ನೋಡ್ತೀನಿ' ಅಂತ ಎಲ್ಲರ ಮುಂದೆ ಹೇಳಿದಾನೆ."

"ಸುರಿದಿದ್ದನ್ನ ನೋಡಿದವರು?"

"ಅವನ ಟ್ಯಾಂಕರ್ ಬಾವಿ ಹತ್ರ ನಿಂತಿದ್ದನ್ನ ನಾನೇ ನೋಡಿದೀನಿ."

ನಿರಂಜನ್‌ನನ್ನು ಆರೋಪಿಯಾಗಿ ಹೆಸರಿಸಿ ಎಫ್‌ಐಆರ್ ದಾಖಲಾಯಿತು. ಪಾರವ್ವನ ಶವವನ್ನು ಮರಣೋತ್ತರ ಪರೀಕ್ಷೆಗೆ ಕಳಿಸಲಾಯಿತು.

ಮಧ್ಯಾಹ್ನ ಸ್ಮಿತಾ, ಹೆಡ್ ಕಾನ್‌ಸ್ಟೆಬಲ್ ಮುರಿಗೆಪ್ಪನೊಂದಿಗೆ ಸ್ಥಳಕ್ಕೆ ಹೋದರು. ಹಿಂದಿನ ವರ್ಷದ ಬೇಸಿಗೆಯಲ್ಲಿ ಅಲ್ಲಿನ ಬೋರ್‌ವೆಲ್‌ಗಳೆಲ್ಲ ಬತ್ತಿದಾಗ ವಿಜಯಕುಮಾರ ಮುಂದೆ ನಿಂತು ಈ ಹಳೇ ಬಾವಿಯ ಹೂಳು ತೆಗೆಸಿದ್ದರು. ಸುತ್ತಲಿನ ಮನೆಗಳ ಚಾವಣಿ ಮೇಲೆ ಬೀಳುವ ಮಳೆನೀರು ಆಯಾ ಮನೆಯ ಇಂಗುಗುಂಡಿಗೆ ಇಳಿದು, ನೆಲದೊಳಗಿಂದ ಬಾವಿಗೆ ಬರುವಂತೆ ಮಾಡಿಸಿದ್ದರು. ಕಾಲೇಜಿನಲ್ಲಿ ಭೂಗೋಳ ಕಲಿಸುವ ಅವರನ್ನು ಬಡಾವಣೆಯ ಮಕ್ಕಳು ನೀರು ಮೇಷ್ಟ್ರು ಎಂದೇ ಕರೆಯುತ್ತಿದ್ದರು.

ಬಾವಿಗೆ ಕಬ್ಬಿಣದ ಜಾಲರಿ ಇತ್ತು, ಬೀಗವಿತ್ತು. ಬೀಗ ಒಡೆದಿರಲಿಲ್ಲ. ಮುರಿಗೆಪ್ಪ ಬಗ್ಗಿ ನೋಡಿ ಮೂಗು ಮುಚ್ಚಿಕೊಂಡ.

"ಮೇಲಿಂದ ಸುರುವಿದ್ರ ಈ ಜಾಲರಿಗೆ, ಕಟ್ಟೀಗೆ ಏನರ ಹತ್ತಿರಬೇಕಿತ್ರಿ ಮೇಡಂ. ಎಲ್ಲಾ ಸ್ವಚ್ಛ ಐತಿ."

"ಆಮೇಲೆ ಮಳೆ ಬಂದಿದೆ. ತೊಳೆದಿರಬಹುದು." ಸ್ಮಿತಾ ಪಂಚರ ಸಮಕ್ಷಮ ನೀರಿನ ಮಾದರಿ ತೆಗೆಸಿ, ಪಂಚನಾಮೆ ಮುಗಿಸಿದರು. ಆದರೆ ಅನುಮಾನ ಅಲ್ಲಿಂದಲೇ ಶುರುವಾಯಿತು. ಜಾಲರಿ ತೆರೆದು ಸುರಿಯಲು ಬೇಕಾದ ಬೀಗದ ಕೈ ಇದ್ದದ್ದು ಸಂಘದವರ ಬಳಿ ಮಾತ್ರ.

ನಿರಂಜನ್ ತಾನಾಗಿಯೇ ಠಾಣೆಗೆ ಬಂದ. ಅಟ್ಟೂರಿನ ಹಳೇ ಒಕ್ಕಲು ಮನೆತನದವನು. ಬಡಾವಣೆ ಎದ್ದಿದ್ದೇ ಅವರ ಹೊಲದಲ್ಲಿ.

"ಗಾಡಿ ಯಾಕೆ ನಿಲ್ಲಿಸಿದ್ದೆ?"

"ರೋಡ್ ಅಗೆದಿದ್ರು ಮೇಡಂ. ಅಲ್ಲೇ ರಿವರ್ಸ್ ಒಡೀಬೇಕಿತ್ತು."

"ಬೆದರಿಕೆ ಹಾಕಿದ್ದು?"

"ಕೋಪದಾಗೆ ಅಂದೆ. ಸುಳ್ಳೇಳಲ್ಲ. ಅದು ನಮ್ಮ ತಾತ ತೋಡಿಸಿದ ಬಾವಿ ಮೇಡಂ. ನಮ್ಮಜ್ಜಿ ಅದರ ನೀರ್ನಾಗೆ ನನಗೆ ಸ್ನಾನ ಮಾಡಿಸವ್ರೆ. ಅದಕ್ಕೆ ನಾನು ಗಲೀಜ್ ಆಕ್ತೀನಾ?"

ಮಾತಿನಿಂದ ಯಾರೂ ನಿರ್ದೋಷಿ ಆಗುವುದಿಲ್ಲ. ಸ್ಮಿತಾ ಅವನ ಟ್ಯಾಂಕರುಗಳನ್ನು ಜಪ್ತಿ ಮಾಡಿ, ಅವನನ್ನು ಠಾಣೆಯಲ್ಲೇ ಕೂರಿಸಿ ವಿಚಾರಣೆ ಮುಂದುವರಿಸಿದರು. ಅದೇ ಹೊತ್ತಿಗೆ ಬಾವಿಯ ನೀರನ್ನೆಲ್ಲ ಪಂಪಿನಿಂದ ಹೊರಗೆ ತೆಗೆಸಿದರು. ಬಾವಿಯ ಬಳಿ ಒಬ್ಬ ಪೇದೆ ಕಾವಲಿದ್ದ. ಮರುದಿನ ಊರಿದ ಹೊಸ ನೀರಿನಲ್ಲೂ ಅದೇ ನಾತವಿತ್ತು.

ಜಲಮಂಡಳಿಯ ಎಂಜಿನಿಯರ್ ನಯನಾ ನೀರನ್ನು ನೋಡಿ ಒಂದೇ ಮಾತಿನಲ್ಲಿ ಹೇಳಿದರು: "ಯಾರೂ ಸುರಿದಿಲ್ಲ ಮೇಡಂ. ಇದು ಈಗಲೂ ಬರ್ತಾ ಇದೆ. ಪಕ್ಕದ ಯಾವುದೋ ಮನೆಯಿಂದ."

"ಯಾವ ಮನೆ ಅಂತ ಹೇಗೆ ಗೊತ್ತಾಗುತ್ತೆ?"

"ಬಣ್ಣ ಬಿಡೋಣ. ಒಂದೊಂದೇ ಮನೆ ಕಕ್ಕಸಿಗೆ ಹಸಿರು ಬಣ್ಣ ಹಾಕಿ, ಬಾವಿ ನೋಡ್ತಾ ಕೂರೋದು."

ನಿರಂಜನ್‌ನನ್ನು ಮನೆಗೆ ಕಳಿಸಿದರು. ಬಾವಿಗೆ ಹತ್ತಿರವಿದ್ದ ಮನೆಗಳು ಮೂರು. ಮೊದಲ ಮನೆಯ ಬಣ್ಣ ರಸ್ತೆಯ ಒಳಚರಂಡಿಯಲ್ಲಿ ಕಾಣಿಸಿತು, ಸರಿಯಾಗಿತ್ತು. ಎರಡನೆಯದೂ ಹಾಗೆಯೇ. ಬೀದಿಯ ಜನ ಬಾವಿಕಟ್ಟೆಯ ಸುತ್ತ ನಿಂತು ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ನಿನ್ನೆಯವರೆಗೆ ಒಟ್ಟಾಗಿ ನಿರಂಜನ್‌ನನ್ನು ಬೈಯುತ್ತಿದ್ದವರು ಈಗ ಪಕ್ಕದ ಮನೆಯ ಪೈಪುಗಳನ್ನು ಎಣಿಸತೊಡಗಿದ್ದರು.

ಮೂರನೆಯದು ವಿಜಯಕುಮಾರರ ಮನೆ.

"ದೂರು ಕೊಟ್ಟವನ ಮನೇನೇ ಚೆಕ್ ಮಾಡ್ತೀರಾ?" ಅವರು ಗೇಟಿಗೆ ಅಡ್ಡ ನಿಂತರು. "ಒಳಗೆ ಅಮ್ಮ ಇದಾರೆ. ಹಾಸಿಗೆ ಹಿಡಿದಿದಾರೆ."

"ಅವರಿಗೆ ತೊಂದರೆ ಆಗೋಲ್ಲ. ಕಕ್ಕಸಿಗೆ ದಾರಿ ತೋರಿಸಿ."

ನಯನಾ ಪುಡಿ ಕಲಸಿ ಸುರಿದು, ಬಕೆಟ್‌ಗಟ್ಟಲೆ ನೀರು ಬಿಟ್ಟರು. ರಸ್ತೆಯ ಚರಂಡಿಯಲ್ಲಿ ಬಣ್ಣ ಕಾಣಲಿಲ್ಲ. ಮಧ್ಯಾಹ್ನದವರೆಗೆ ಎಲ್ಲಿಯೂ ಕಾಣಲಿಲ್ಲ. ಸಂಜೆಯ ಬಿಸಿಲು ಬಾವಿಯೊಳಗೆ ಓರೆಯಾಗಿ ಬೀಳುವ ಹೊತ್ತಿಗೆ ವಿಜಯಕುಮಾರರ ಕಾಂಪೌಂಡಿನ ಕಡೆಯ ಕಲ್ಲುಸಂದಿಯಿಂದ ಗಿಳಿಹಸಿರು ಬಣ್ಣದ ಎಳೆಯೊಂದು ಇಳಿದು ಬಂತು. ಕಟ್ಟೆಯ ಸುತ್ತ ನಿಂತಿದ್ದವರು ವಿಜಯಕುಮಾರರ ಕಡೆ ತಿರುಗಿದರು.

ಎರಡನೇ ಪಂಚನಾಮೆ ಆಯಿತು. ಅಂಗಳ ಅಗೆಸಿದಾಗ ಕಕ್ಕಸಿನ ಪೈಪನ್ನು ರಸ್ತೆಯ ಕಡೆಯಿಂದ ಕತ್ತರಿಸಿ, ಮಳೆನೀರಿನ ಇಂಗುಗುಂಡಿಗೆ ಜೋಡಿಸಿದ್ದು ಕಂಡಿತು. ಜೋಡಣೆ ಹೊಸದು.

"ಪ್ಲಂಬರ್ ಏನೋ ತಪ್ಪು ಮಾಡಿದಾನೆ ಮೇಡಂ," ವಿಜಯಕುಮಾರ ಬೆವರು ಒರೆಸಿಕೊಂಡರು. "ನನಗೆ ಗೊತ್ತೇ ಇರಲಿಲ್ಲ."

ಗೊತ್ತಿರದಿದ್ದರೆ ಅದು ನಿರ್ಲಕ್ಷ್ಯ. ಗೊತ್ತಿದ್ದರೆ ಪ್ರಕರಣವೇ ಬೇರೆ. ಸ್ಮಿತಾ ಮುರಿಗೆಪ್ಪನ ಮುಖ ನೋಡಿದರು. ಅವನು ಆಗಲೇ ಅಡುಗೆಮನೆಯತ್ತ ನೋಡುತ್ತಿದ್ದ. ಬಾಗಿಲ ಹಿಂದೆ ನೀರಿನ ಕ್ಯಾನುಗಳು ಸಾಲಾಗಿದ್ದವು.

"ಎಲ್ಲಾರೂ ಬಾವಿ ನೀರು ಕುಡೀರಿ ಅಂದವರ ಮನ್ಯಾಗ ಕ್ಯಾನ್ ಯಾಕ ಬಂದಾವ್ರಿ ಸರ?"

"ಎಲ್ಲರಿಗೂ ಕಾಯಿಲೆ ಬಂದ ಮೇಲೆ ತರಿಸಿದ್ದು."

ಕ್ಯಾನ್ ಹಾಕುವ ಜೀಷಾನ್‌ನನ್ನು ಮುರಿಗೆಪ್ಪ ಯಲಹಂಕದ ಗೋಡೌನಿನಲ್ಲಿ ಹಿಡಿದ.

"ನೀರು ಮೇಷ್ಟ್ರ ಮನೀಗೆ ಯಾವಾಗಿಂದ ಹಾಕಾಕತ್ತಿ?"

"ಮೇ ತಿಂಗಳಲ್ಲಿ ದೊಡ್ಡ ಮಳೆ ಬಂತಲ್ಲ ಸಾರ್, ಅದರ ಮುಂದಿನ ವಾರದಿಂದ."

"ಆಗ ಯಾರಿಗರ ಕಾಯಿಲೆ ಬಂದಿತ್ತೇನು?"

"ಇಲ್ಲ ಸಾರ್. ಕಾಯಿಲೆ ಎಲ್ಲಾ ಆಮೇಲೆ. ಗೇಟ್ ಹತ್ರ ಇಡಬೇಡಪ್ಪ, ಹಿಂದಿನ ಬಾಗಿಲಿಗೆ ತಂದ್ಕೊಡು ಅಂದಿದ್ರು. ನನಗೂ ಒಂಥರಾ ಅನ್ನಿಸ್ತು."

ಜೀಷಾನ್‌ನ ಹೇಳಿಕೆ ದಾಖಲಾಯಿತು. ಪೈಪು ಜೋಡಿಸಿದ ಪ್ಲಂಬರ್ ಕೂಡ, ಮೇಷ್ಟ್ರು ಪಕ್ಕದಲ್ಲೇ ನಿಂತು ಮಾಡಿಸಿದರೆಂದು ಹೇಳಿದ. ಪಾರವ್ವ ತೀರಿಕೊಂಡದ್ದು ಕಲುಷಿತ ನೀರಿನಿಂದಾದ ವಾಂತಿಭೇದಿಯಿಂದಲೇ ಎಂದು ಮರಣೋತ್ತರ ಪರೀಕ್ಷೆಯ ವರದಿಯೂ ಬಂತು. ಸ್ಮಿತಾ ನಿರಂಜನ್‌ನ ಹೆಸರು ಕೈಬಿಟ್ಟು, ಕೊಲೆಯಲ್ಲದ ನರಹತ್ಯೆಯ ಕಲಮನ್ನು ಸೇರಿಸಲು ನ್ಯಾಯಾಲಯಕ್ಕೆ ವರದಿ ಕಳಿಸಿದರು. ಜೂನ್ ಏಳರಂದು ಬೆಳಿಗ್ಗೆ ವಿಜಯಕುಮಾರರನ್ನು ಅವರ ಮನೆಯಲ್ಲಿ ಬಂಧಿಸಲಾಯಿತು. ತಾಯಿಯನ್ನು ನೋಡಿಕೊಳ್ಳಲು ಬಾಗಲಗುಂಟೆಯಿಂದ ಅವರ ತಂಗಿ ಬರುವವರೆಗೆ ಪೊಲೀಸರು ಕಾದರು.

ಠಾಣೆಯಲ್ಲಿ ಅವರು ತಡಮಾಡದೆ ಮಾತಾಡಿದರು.

"ಆ ಮಳೆ ದಿನ ರಸ್ತೆ ಚರಂಡಿ ಉಕ್ಕಿ ಕಕ್ಕಸಿನಿಂದ ವಾಪಸ್ ಮನೆಯೊಳಗೆ ಬಂತು ಮೇಡಂ. ನಾನು ಕಾಲೇಜಿಂದ ಬರೋಷ್ಟರಲ್ಲಿ ಅಮ್ಮನ ಮಂಚದ ಮಟ್ಟಕ್ಕೆ ಇತ್ತು. ಏಳೋಕಾಗಲ್ಲ ಅವರಿಗೆ. ಆ ಗಲೀಜಲ್ಲಿ ಕೈ ಅದ್ದಿಕೊಂಡು ಮಲಗಿದ್ರು. ಎಷ್ಟು ಸಲ ಫೋನ್ ಮಾಡಿದ್ರೂ ಯಾರೂ ಬರಲಿಲ್ಲ. ಮಳೆಗಾಲ ಮುಗಿಯೋವರೆಗೆ ಅಂತ ಪೈಪ್ ತಿರುಗಿಸಿದೆ."

"ಬಾವಿಗೆ ಹೋಗುತ್ತೆ ಅಂತ ಗೊತ್ತಿರಲಿಲ್ವಾ?"

"ಮಣ್ಣು ಸೋಸುತ್ತೆ ಅಂದ್ಕೊಂಡೆ. ವಾರ ಆದ ಮೇಲೆ ವಾಸನೆ ಬಂತು. ಮೊದಲು ಗೊತ್ತಾಗಿದ್ದು ನನಗೇ."

"ಬಾವಿ ಮುಚ್ಚಿಸಬಹುದಿತ್ತು."

"ಯಾಕೆ ಅಂತ ಕೇಳ್ತಿದ್ರು ಮೇಡಂ. ಏನಂತ ಹೇಳಲಿ? ಎಲ್ಲರಿಗೂ ಪಾಠ ಹೇಳಿದೋನು ನಾನು."

"ನಿರಂಜನ್ ಮೇಲೆ ದೂರು?"

ಅವರು ಆ ಪ್ರಶ್ನೆ ಬಿಟ್ಟು, ಯಾರೂ ಕೇಳದ್ದನ್ನು ಹೇಳಿದರು:

"ಪಾರವ್ವ ದಿನಾ ಮಧ್ಯಾಹ್ನ ಅಮ್ಮನ ತಲೆ ಬಾಚೋಕೆ ಬರ್ತಿದ್ರು. ಬಿಸಿಲಲ್ಲಿ ಬಂದು ನೀರು ಕೇಳೋರು. ನಾನು ಕ್ಯಾನ್ ನೀರೇ ಕೊಡ್ತಿದ್ದೆ ಮೇಡಂ. ನಮ್ಮನೇಲಿ ಒಂದು ದಿನಾನೂ ಅವರಿಗೆ ಬಾವಿ ನೀರು ಕೊಟ್ಟಿಲ್ಲ."

ಹೊರಗಿನ ಬೆಂಚಿನ ಮೇಲೆ ಸಂಗಮೇಶ ಕಾಯುತ್ತಿದ್ದ. ಸ್ಮಿತಾ ಹೊರಗೆ ಬಂದಾಗ ಎದ್ದು ನಿಂತ.

"ಅವರಿಗೆ ಗೊತ್ತಿತ್ತೇನ್ರಿ ಮೇಡಂ?"

"ಗೊತ್ತಿತ್ತು."

ಅವನು ತಲೆಯಾಡಿಸಿ ಮೆಟ್ಟಿಲಿಳಿದು ಹೋದ.